ಪಿಕಪ್ಪಿನಲ್ಲಿ ಒಂದು ಖಾಲಿ ಕಾರು

ಕಾರಿನ ಬರೀ ಶೆಲ್ಲನ್ನು ಪಿಕಪ್ ಗಾಡಿಯಲ್ಲಿ ಸಾಗಿಸುವುದು ನೋಡುವವರಿಗೆ ಸುಲಭದ ಕೆಲಸ. ಇಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಸೀಟಿಲ್ಲ, ಗಾಜಿಲ್ಲ, ಚಕ್ರವೂ ಇಲ್ಲ. ಉಳಿದಿರುವುದು ತಗಡು ಮಾತ್ರ. ಐದಾರು ಜನ ಕೈ ಹಾಕಿದರೆ ಮೇಲೇಳುತ್ತದೆ. ಎತ್ತಿಟ್ಟು, ಮೇಲೊಂದು ಹಗ್ಗ ಬಿಗಿದು ಹೊರಟರೆ ಆಯಿತು ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಪೂರ್ತಿ ಕಾರನ್ನು ಸಾಗಿಸುವುದೇ ಇದಕ್ಕಿಂತ ಸುಲಭ. ಪೂರ್ತಿ ಕಾರಿಗೆ ಚಕ್ರ ಇರುತ್ತದೆ, ಎಳೆಯಲು ಕೊಕ್ಕೆ ಇರುತ್ತದೆ, ತನ್ನ ತೂಕದಿಂದಲೇ ಅದು ಇಟ್ಟ ಕಡೆ ಕೂತಿರುತ್ತದೆ. ಖಾಲಿ ಶೆಲ್ಲಿಗೆ ಇದ್ಯಾವುದೂ ಇಲ್ಲ. ಎಲ್ಲಿ ಹಿಡಿಯಬೇಕು, ಯಾವುದರ ಮೇಲೆ ಕೂರಿಸಬೇಕು, ಎಲ್ಲಿ ಕಟ್ಟಬೇಕು ಅನ್ನುವುದನ್ನು ನಾವೇ ಕಂಡುಕೊಳ್ಳಬೇಕು.

ಹಳೆ ಕಾರು ಸರಿ ಮಾಡುವವರು ಇಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಬಣ್ಣದ ಬಗ್ಗೆ ಜಗಳವನ್ನೇ ಆಡುತ್ತಾರೆ. ಶೆಲ್ ಗ್ಯಾರೇಜಿನಿಂದ ಬ್ಲಾಸ್ಟಿಂಗಿಗೋ (ಮರಳು ಚಿಮ್ಮಿಸಿ ಹಳೆ ಬಣ್ಣ, ತುಕ್ಕು ತೆಗೆಯುವುದು) ಪೇಂಟಿಂಗಿಗೋ ಹೋಗಿ ಬಂದ ಕಥೆಯನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಇಂಜಿನ್ ಕೆಟ್ಟರೆ ಇನ್ನೊಂದು ಹುಡುಕಬಹುದು. ಸೀಟು ಹೊಲಿಸಬಹುದು. ಶೆಲ್ ಸೊಟ್ಟಗಾದರೆ ಆಮೇಲೆ ಬಾಗಿಲು ಕೂರುವುದಿಲ್ಲ, ಗಾಜು ಕೂರುವುದಿಲ್ಲ, ಗಾಡಿ ನೇರ ಓಡುವುದಿಲ್ಲ. ಹೀಗಿರುವಾಗ ಅದನ್ನು ರಸ್ತೆಗೆ ಇಳಿಸುವ ದಿನಕ್ಕೂ ವೆಲ್ಡಿಂಗಿನಷ್ಟೇ ಗಮನ ಸಿಗಬೇಕಲ್ವಾ?

ನಾನು ಹೇಳುತ್ತಿರುವುದು ಹಳೆಯ ಮಿನಿಯ ಶೆಲ್ ಬಗ್ಗೆ. ಅಲೆಕ್ ಇಸಿಗೋನಿಸ್ ರೂಪಿಸಿದ, 1959ರಿಂದ 2000ದವರೆಗೆ ತಯಾರಾದ ಆ ಪುಟ್ಟ ಕಾರು. ಉದ್ದ ಸುಮಾರು 3.05 ಮೀಟರ್, ಅಗಲ 1.41 ಮೀಟರ್. ಪೂರ್ತಿ ಕಾರೇ ಸುಮಾರು 600 ಕೆಜಿ. ಸಾಮಾನ್ಯವಾಗಿ ಒಂದು ಕಾರಿನ ಒಟ್ಟು ತೂಕದಲ್ಲಿ ಶೆಲ್ಲಿನ ಪಾಲು ಕಾಲು ಭಾಗದಿಂದ ಮೂರನೇ ಒಂದು ಭಾಗ. ಹಾಗಾಗಿ ಮಿನಿಯ ಶೆಲ್ ಅಂದರೆ ಲೆಕ್ಕಕ್ಕೆ 150 ಕೆಜಿಯ ಆಸುಪಾಸು ಅಂತ ಇಟ್ಟುಕೊಳ್ಳಿ. 1957ರ ಫಿಯೆಟ್ 500 ಇನ್ನೂ ಚಿಕ್ಕದು, 3 ಮೀಟರಿಗಿಂತ ಕಡಿಮೆ. ಪಿಕಪ್ಪಿನ ಹಿಂಬದಿಯಲ್ಲಿ ನೆಮ್ಮದಿಯಾಗಿ ಹೋಗಬಲ್ಲವು ಇಂಥ ಕಾರುಗಳೇ. ಇದಕ್ಕಿಂತ ದೊಡ್ಡದಾದರೆ ನಾನು ಟ್ರೇಲರ್ ಅಥವಾ ಹಾಸು ಇರುವ ಲಾರಿಯನ್ನೇ ಹೇಳುತ್ತೇನೆ. ಟ್ರೇಲರಿನ ಹಾಸು ತಗ್ಗಿನಲ್ಲಿರುತ್ತದೆ, ಎತ್ತುವ ಕಷ್ಟ ಕಡಿಮೆ. ಪಿಕಪ್ಪಿನಲ್ಲಿ ಹೆಚ್ಚುಕಡಿಮೆ ಸೊಂಟದೆತ್ತರಕ್ಕೆ ಎತ್ತಬೇಕು. ಆದರೆ ಪಿಕಪ್ಪಿನಲ್ಲಿ ಒಂದು ಅನುಕೂಲ ಇದೆ: ಶೆಲ್ ಬೆನ್ನ ಹಿಂದೆಯೇ ಇರುತ್ತದೆ. ಕನ್ನಡಿಯಲ್ಲಿ ಕಾಣುತ್ತದೆ, ಅದರ ಸದ್ದು ಕೇಳುತ್ತದೆ, ಏನಾದರೂ ಅಲುಗಾಡಿದರೆ ತಕ್ಷಣ ಗೊತ್ತಾಗುತ್ತದೆ.

ಅಳತೆಯ ಮಾತಿಗೆ ಬಂದರೆ, ಪಿಕಪ್ಪಿನ ಹಿಂಬದಿ ಗಿಡ್ಡದ್ದಾದರೆ 1.7 ಮೀಟರ್, ಉದ್ದದ್ದಾದರೆ 2.4 ಮೀಟರ್ ಇರುತ್ತದೆ. ಅಂದರೆ ಮಿನಿಯ ಶೆಲ್ ಎರಡರಲ್ಲೂ ಹೊರಗೆ ಚಾಚುತ್ತದೆ. ಅಗಲದ ತೊಂದರೆ ಬೇರೆ. ಪಿಕಪ್ಪಿನ ಎರಡು ಹಿಂದಿನ ಚಕ್ರಗಳ ಉಬ್ಬುಗಳ ನಡುವೆ ಸಿಗುವ ಜಾಗ ಸುಮಾರು 1.1ರಿಂದ 1.3 ಮೀಟರ್ ಅಷ್ಟೇ. 1.41 ಮೀಟರಿನ ಶೆಲ್ ಅದರ ನಡುವೆ ಇಳಿಯುವುದಿಲ್ಲ. ಹಾಗಾಗಿ ಕೆಳಗೆ ಮರದ ದಿಮ್ಮಿ ಕೊಟ್ಟು ಆ ಉಬ್ಬುಗಳಿಗಿಂತ ಮೇಲಕ್ಕೆ ಕೂರಿಸಬೇಕು. ಉದ್ದಕ್ಕೆ ಎರಡು ಗಟ್ಟಿ ದಿಮ್ಮಿ, ಅವುಗಳ ಮೇಲೆ ಅಡ್ಡಕ್ಕೆ ಬೇಕಾದ ಕಡೆ ತುಂಡುಗಳು, ಎಲ್ಲವನ್ನೂ ಸ್ಕ್ರೂ ಹಾಕಿ ಒಂದೇ ಚೌಕಟ್ಟು ಮಾಡಿಕೊಂಡರೆ ಒಳ್ಳೆಯದು. ಹಿಂದಿನ ಡೋರನ್ನು ಇಳಿಸಿ ಅದರ ಮೇಲೆ ಭಾರ ಹಾಕುವುದು ನನಗೆ ಇಷ್ಟವಿಲ್ಲ. ಆ ಡೋರು ನಿಂತಿರುವುದು ಎರಡು ಹಿಂಜಿನ ಮೇಲೆ, ಎರಡು ತೆಳುವಾದ ಕೇಬಲ್ಲಿನ ಮೇಲೆ. ರಸ್ತೆ ಗುಂಡಿಯಲ್ಲಿ ಗಾಡಿ ಎಗರಿದಾಗ ಅವು ತಡೆಯುವುದು ನಿಂತ ತೂಕವನ್ನಲ್ಲ, ಎಗರಿ ಬಿದ್ದ ತೂಕವನ್ನು. ಬಿಚ್ಚಿಟ್ಟು ಹೋಗುವುದೇ ಸರಿ.

ಈಗ ಮುಖ್ಯ ವಿಷಯ. ಶೆಲ್ಲನ್ನು ಎಲ್ಲಿ ಹಿಡಿಯಬೇಕು?

ಇದಕ್ಕೆ ಉತ್ತರ ಬೇಕಿದ್ದರೆ ಆ ಕಾರು ಓಡುತ್ತಿದ್ದಾಗ ಭಾರ ಎಲ್ಲಿಂದ ಒಳಗೆ ಬರುತ್ತಿತ್ತು ಅಂತ ನೋಡಬೇಕು. ಹಳೆ ಕಾಲದ ಕಾರುಗಳಲ್ಲಿ ಕೆಳಗೊಂದು ಗಟ್ಟಿ ಚಾಸಿ ಇರುತ್ತಿತ್ತು, ಮೇಲಿನ ಬಾಡಿ ಬರೀ ಮುಚ್ಚಿಗೆ. 1922ರಲ್ಲಿ ಜನರೆದುರು ಬಂದ ಲ್ಯಾನ್ಸಿಯಾ ಲ್ಯಾಂಬ್ಡಾ ಈ ಲೆಕ್ಕವನ್ನು ಬದಲಾಯಿಸಿತು. ಅದರಲ್ಲಿ ಬೇರೆ ಚಾಸಿ ಇರಲಿಲ್ಲ, ಬಾಡಿಯೇ ಭಾರ ಹೊರುತ್ತಿತ್ತು. 1934ರ ಸಿಟ್ರೊಯೆನ್ ಟ್ರಾಕ್ಷನ್ ಅವಾಂ ಅದನ್ನು ದೊಡ್ಡ ಸಂಖ್ಯೆಯ ತಯಾರಿಕೆಗೆ ತಂದಿತು. ಮಿನಿಯೂ ಅದೇ ಜಾತಿ. ಮುಂದೆ ಒಂದು, ಹಿಂದೆ ಒಂದು ಗಟ್ಟಿ ಚೌಕಟ್ಟು, ಅಂದರೆ ಸಬ್‌ಫ್ರೇಮ್. ಇಂಜಿನ್, ಚಕ್ರ, ಸಸ್ಪೆನ್ಷನ್ ಎಲ್ಲ ಅವುಗಳ ಮೇಲೆ. ಆ ಸಬ್‌ಫ್ರೇಮುಗಳು ಶೆಲ್ಲಿಗೆ ಕೆಲವೇ ಜಾಗಗಳಲ್ಲಿ ಬೋಲ್ಟ್ ಆಗಿರುತ್ತವೆ. ಮುಂದಿನದು ಮುಖ್ಯವಾಗಿ ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಅಡ್ಡಗೋಡೆಗೆ. ಹಿಂದಿನದು ಹಿಂದಿನ ಸೀಟಿನ ಮುಂಭಾಗದ ಅಡ್ಡಪಟ್ಟಿಗೆ ಮತ್ತು ಡಿಕ್ಕಿಯ ನೆಲಕ್ಕೆ. ಆ ಕಾರು ಬದುಕಿಡೀ ಹಾರಿದ ಗುಂಡಿ, ಹಾಕಿದ ಬ್ರೇಕ್, ಹೊತ್ತ ಜನ, ಎಲ್ಲದರ ಪೆಟ್ಟು ಈ ಕೆಲವೇ ಜಾಗಗಳಿಂದ ಒಳಗೆ ಹೋಗಿ ಇಡೀ ತಗಡಿಗೆ ಹಂಚಿಕೆಯಾಗಿದೆ. ಅಂದ ಮೇಲೆ ಪಿಕಪ್ಪಿನ ಮೇಲೂ ಅದನ್ನು ಕೂರಿಸಬೇಕಾದದ್ದು ಅಲ್ಲೇ. ಅಡ್ಡಗೋಡೆಯ ಕೆಳಗೆ ಒಂದು ಅಡ್ಡ ದಿಮ್ಮಿ, ಹಿಂದಿನ ಅಡ್ಡಪಟ್ಟಿಯ ಕೆಳಗೆ ಇನ್ನೊಂದು. ನಡುವಿನ ನೆಲದ ತಗಡಿಗೆ ಏನೂ ತಾಕಬಾರದು. ಅದು ಕಾಲಿಡಲು ಇರುವ ತಗಡು, ಇಡೀ ಶೆಲ್ಲನ್ನು ಹೊರಲು ಅಲ್ಲ. ಮುಂದಿನ ಮಡ್‌ಗಾರ್ಡು, ಮುಂಭಾಗದ ಪ್ಯಾನಲ್ ಇವಂತೂ ಸಬ್‌ಫ್ರೇಮ್ ಇಲ್ಲದಾಗ ಗಾಳಿಯಲ್ಲಿ ತೂಗುವ ತಗಡುಗಳೇ.

ಈ ವಿಷಯ ಗೊತ್ತಾದ ಮೇಲೆ ನನಗೆ ಶೆಲ್ಲನ್ನು ನೋಡುವ ಕಣ್ಣೇ ಬದಲಾಯಿತು. ಮೊದಲು ಬರೀ ತಗಡಿನ ಪೆಟ್ಟಿಗೆಯಂತೆ ಕಾಣುತ್ತಿದ್ದದ್ದರಲ್ಲಿ ಈಗ ದಾರಿಗಳು ಕಾಣುತ್ತವೆ. ಇಲ್ಲಿ ಭಾರ ಬರುತ್ತದೆ, ಬಾಗಿಲ ಕೆಳಗಿನ ಪೊಳ್ಳು ಪಟ್ಟಿಯಾದ ಈ ಸಿಲ್ಲಿನ ಉದ್ದಕ್ಕೆ ಹೋಗುತ್ತದೆ, ರೂಫನ್ನು ಹೊತ್ತ ಈ ಪಿಲ್ಲರಿನಲ್ಲಿ ಮೇಲೇರಿ ರೂಫಿನ ಅಂಚಿನಲ್ಲಿ ಹಾದು ಆ ಕಡೆ ಇಳಿಯುತ್ತದೆ. ಮೊಳೆಯಷ್ಟೂ ದಪ್ಪವಿಲ್ಲದ ತಗಡನ್ನು ಮಡಚಿ, ಸಾವಿರಾರು ಕಡೆ ಸ್ಪಾಟ್ ವೆಲ್ಡ್ ಹಾಕಿ, ಅದರಿಂದಲೇ ಈ ಗಟ್ಟಿತನ ತಂದಿದ್ದಾರೆ. ಕಾರು ಪೂರ್ತಿ ಇದ್ದಾಗ ಇದು ಕಾಣುವುದಿಲ್ಲ. ಎಲ್ಲ ಬಿಚ್ಚಿ, ಪಿಕಪ್ಪಿನ ಮೇಲೆ ಹೇಗೆ ಕೂರಿಸುವುದು ಅಂತ ಸುತ್ತ ಸುತ್ತುವಾಗಲೇ ಕಾಣುವುದು.

ಎಲ್ಲ ಕಾರಿಗೂ ಇದೇ ಲೆಕ್ಕ ಹೊಂದುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ತೆಗೆದುಕೊಳ್ಳಿ. ಅದರಲ್ಲಿ ನೆಲದ ಪ್ಯಾನ್ ಬೇರೆ, ಮೇಲಿನ ಬಾಡಿ ಬೇರೆ. ಸುತ್ತಲೂ ಬೋಲ್ಟ್ ಹಾಕಿ ಕೂಡಿಸಿರುತ್ತಾರೆ. ಬೋಲ್ಟ್ ಬಿಚ್ಚಿ ಬಾಡಿಯನ್ನು ಎತ್ತಿದರೆ ಅದಕ್ಕೆ ಹೊಟ್ಟೆಯೇ ಇರುವುದಿಲ್ಲ. ಹಗುರ ಇರುತ್ತದೆ ನಿಜ, ಆದರೆ ಬಾಗಿಲಿನ ಜಾಗ ಹಿಗ್ಗಲು ಕುಗ್ಗಲು ಕಾಯುತ್ತಿರುತ್ತದೆ. ಅಂಥದ್ದಕ್ಕೆ ಎತ್ತುವ ಮುಂಚೆಯೇ ಬಾಗಿಲ ಜಾಗದಲ್ಲಿ ಚೌಕ ಪೈಪಿನಿಂದ ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಆಸರೆ ವೆಲ್ಡ್ ಮಾಡಲೇಬೇಕು. ರೂಫಿಲ್ಲದ ಕಾರುಗಳಿಗೂ ಹಾಗೇ. ಸಿಲ್ ತುಕ್ಕು ಹಿಡಿದು ತೂತಾಗಿರುವ ಯಾವ ಶೆಲ್ಲಿಗಾದರೂ ಹಾಗೇ. ನಮ್ಮ ಮಿನಿಯ ಎಡಗಡೆಯ ಸಿಲ್ಲಿನೊಳಗೆ ಬೆರಳು ಹೋಗುತ್ತಿತ್ತು. ಟಿಂಕರಿಂಗ್ ಮೇಸ್ತ್ರಿ ಒಬ್ಬರು ಅದನ್ನು ನೋಡಿದ ಕೂಡಲೇ "ಮೊದಲು ಪೈಪ್ ಹಾಕಿ, ಆಮೇಲೆ ಎತ್ತೋ ಮಾತಾಡಿ" ಅಂದರು. ಎರಡೂ ಬಾಗಿಲ ಜಾಗಕ್ಕೆ ಪೈಪ್ ಬಿತ್ತು. ಆಮೇಲೆ ಟೇಪ್ ಹಿಡಿದು ಎರಡೂ ಕಡೆ ಮೂಲೆಯಿಂದ ಮೂಲೆಗೆ ಅಳೆದು, ಆ ಅಳತೆಯನ್ನು ಶೆಲ್ಲಿನ ಮೇಲೇ ಮಾರ್ಕರಿನಲ್ಲಿ ಬರೆದೆವು.

ಎತ್ತುವ ವಿಧಾನಗಳಲ್ಲಿ ನನಗೆ ತುಂಬ ಹಿಡಿಸಿದ್ದು, ಶೆಲ್ಲನ್ನು ಮೇಲಕ್ಕೆ ಎತ್ತಿ ನಿಲ್ಲಿಸಿ ಪಿಕಪ್ಪನ್ನು ಅದರ ಕೆಳಗೆ ರಿವರ್ಸ್ ತರುವುದು. ಮೇಲೆ ಗಟ್ಟಿ ತೊಲೆ, ಚೈನ್ ಬ್ಲಾಕ್ ಇದ್ದರೆ ಇದೇ ಒಳ್ಳೆಯದು. ಶೆಲ್ ಅಲ್ಲೇ ಇರುತ್ತದೆ, ಓಡಾಡುವುದು ಗಾಡಿ. ಇಲ್ಲಿ ಒಂದೇ ಎಚ್ಚರ, ತೂಗುತ್ತಿರುವ ಶೆಲ್ಲಿನ ಕೆಳಗೆ ಯಾರೂ ತಲೆ ಹಾಕಬಾರದು. ಕೈಯಲ್ಲಿ ಎತ್ತುವುದಾದರೆ ಆರು ಜನ ಇರಲಿ, ಎಲ್ಲರ ಕೈಗೂ ಗ್ಲೌಸ್ ಇರಲಿ. ಮಿನಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅದರ ಕೂಡುಪಟ್ಟಿಗಳು ಹೊರಗಡೆಯೇ ಇವೆ. ವೆಲ್ಡ್ ಮಾಡಲು ಸುಲಭವಾಗಲಿ ಅಂತ ತಗಡಿನ ಅಂಚುಗಳನ್ನು ಹೊರಕ್ಕೆ ಮಡಚಿದ್ದಾರೆ. ನೋಡಲು ಅದು ಮಿನಿಯ ಗುರುತು, ಹಿಡಿಯಲು ಹೋದರೆ ಬ್ಲೇಡು. ಹಿಡಿಯಬೇಕಾದದ್ದು ಸಿಲ್ಲಿನ ಕೆಳಗೆ, ಅಡ್ಡಗೋಡೆಯ ಬುಡದಲ್ಲಿ, ಡಿಕ್ಕಿಯ ನೆಲದ ಗಟ್ಟಿ ಅಂಚಿನಲ್ಲಿ. ಮುಂದಿನ ಗಾಜಿನ ಚೌಕಟ್ಟನ್ನು ಹಿಡಿದು ಎತ್ತಬಾರದು. ರೂಫಿನ ಗಟರನ್ನು, ಅಂದರೆ ಮಳೆನೀರು ಹರಿಯುವ ಅಂಚನ್ನು, ಹಿಡಿದು ಎತ್ತಬಾರದು. ಕೈಗೆ ಸುಲಭವಾಗಿ ಸಿಗುವುದು ಅವೆರಡೇ, ಅದಕ್ಕೇ ಎಲ್ಲರೂ ಅಲ್ಲಿಗೇ ಕೈ ಹಾಕುತ್ತಾರೆ. ಹೇಳುವ ಬಾಯಿ ಒಂದೇ ಇರಲಿ. "ಎತ್ತಿ", "ನಿಲ್ಲಿ", "ಇಳಿಸಿ", ಈ ಮೂರು ಮಾತು ಸಾಕು, ಮೂರನ್ನೂ ಒಬ್ಬರೇ ಹೇಳಬೇಕು. ಇಳಿಸುವಾಗ ಬೆರಳು ಸಿಕ್ಕಿಕೊಳ್ಳದ ಹಾಗೆ ದಿಮ್ಮಿಗೂ ಶೆಲ್ಲಿನ ಅಂಚಿಗೂ ನಡುವೆ ಕೈ ಹೊರಗೆ ತೆಗೆಯುವಷ್ಟು ಜಾಗ ಮೊದಲೇ ಬಿಟ್ಟಿರಬೇಕು.

ಇನ್ನು ಕಟ್ಟುವುದು. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ.

ಲೋಡ್ ಕಟ್ಟುವ ವಿಷಯದಲ್ಲಿ ಯುರೋಪಿನ ಇಎನ್ 12195 ಅನ್ನುವ ಮಾನದಂಡ ಒಂದು ಮಾತು ಹೇಳುತ್ತದೆ: ಜೋರಾಗಿ ಬ್ರೇಕ್ ಹಾಕಿದಾಗ ಲೋಡು ತನ್ನ ತೂಕದ 0.8 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಅಂತ ಇಟ್ಟುಕೊಳ್ಳಿ, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು. 150 ಕೆಜಿಯ ಶೆಲ್ಲಿಗೆ ಅದು ಮುಂದಕ್ಕೆ 120 ಕೆಜಿ. ಇದರಲ್ಲಿ ಒಂದಷ್ಟನ್ನು ಕೆಳಗಿನ ಹಿಡಿತವೇ ತಡೆಯುತ್ತದೆ. ಲೋಹದ ಮೇಲೆ ಲೋಹ ಇದ್ದರೆ ಆ ಹಿಡಿತ ತೂಕದ ಸುಮಾರು 0.2 ಪಟ್ಟು, ಅಂದರೆ ಏನೇನೂ ಸಾಲದು. ನಡುವೆ ಜಾರದ ರಬ್ಬರ್ ಮ್ಯಾಟ್ ಹಾಕಿದರೆ 0.6ರವರೆಗೆ ಏರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಲಾಭ ಕೊಡುವುದು ಇನ್ನೊಂದಿಲ್ಲ. ದಿಮ್ಮಿಗೂ ಪಿಕಪ್ಪಿನ ನೆಲಕ್ಕೂ ನಡುವೆ ಒಂದು ಪದರ, ದಿಮ್ಮಿಗೂ ಶೆಲ್ಲಿಗೂ ನಡುವೆ ಇನ್ನೊಂದು. ಮುಂದುಗಡೆ ದಿಮ್ಮಿಯ ಚೌಕಟ್ಟು ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿಕೊಂಡಿರಲಿ. ಹೀಗೆ ಮಾಡಿದರೆ ಲೋಡ್ ಕಟ್ಟುವ ಬೆಲ್ಟಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಬೆಲ್ಟಿನ ಕೆಲಸ ಯಾಕೆ ಕಡಿಮೆಯಾಗಬೇಕು ಅಂತ ಕೇಳಬಹುದು. ಬೆಲ್ಟಿಗೇನು, ಎಷ್ಟು ಬೇಕಾದರೂ ತಡೆಯುತ್ತದಲ್ಲ? ತಡೆಯುತ್ತದೆ. ತೊಂದರೆ ಇರುವುದೇ ಅಲ್ಲಿ. 50 ಮಿಲಿಮೀಟರ್ ಅಗಲದ ಸಾಮಾನ್ಯ ರ‍್ಯಾಚೆಟ್ ಬೆಲ್ಟಿನ (ಹಲ್ಲುಚಕ್ರದಿಂದ ಬಿಗಿಯುವ ಬೆಲ್ಟ್) ಹಿಡಿಯನ್ನು ಒಬ್ಬ ಮನುಷ್ಯ 50 ಕೆಜಿಯಷ್ಟು ಬಲ ಹಾಕಿ ಎಳೆದರೆ, ಬೆಲ್ಟಿನಲ್ಲಿ 300 ಕೆಜಿಗೂ ಮೀರಿದ ಬಿಗಿತ ಹುಟ್ಟುತ್ತದೆ. ಶೆಲ್ಲನ್ನು ತಡೆಯಲು ಬೇಕಿರುವುದು ಎಲ್ಲ ಸೇರಿ 120. ಒಂದೊಂದು ಬೆಲ್ಟೂ ಅದರ ಎರಡು ಮೂರು ಪಟ್ಟು ಎಳೆಯಬಲ್ಲದು. ಅಂಥ ನಾಲ್ಕು ಬೆಲ್ಟನ್ನು ಮೈಯೆಲ್ಲ ಬಲ ಹಾಕಿ ಬಿಗಿದರೆ ಶೆಲ್ ಅಲ್ಲಾಡುವುದಿಲ್ಲ ನಿಜ, ಆದರೆ ಬಗ್ಗುತ್ತದೆ. ರೂಫಿನ ಮೇಲಿಂದ ಬೆಲ್ಟ್ ಹಾಕಿ ಬಿಗಿಯುವವರನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ರೂಫ್ ಶೆಲ್ಲಿನಲ್ಲಿ ತುಂಬ ದೊಡ್ಡ, ತುಂಬ ತೆಳುವಾದ ತಗಡು. ಅಲ್ಲಿ ಒಂದು ಸಲ ಗುಳಿ ಬಿದ್ದರೆ ಅದನ್ನು ಗೊತ್ತಾಗದ ಹಾಗೆ ಎತ್ತುವುದು ಒಳ್ಳೆ ಮೇಸ್ತ್ರಿಗೂ ಕಷ್ಟ.

ಹಾಗಾದರೆ ಎಲ್ಲಿ ಕಟ್ಟುವುದು? ಶೆಲ್ಲಿನಲ್ಲೇ ಅದಕ್ಕೆಂದು ಮಾಡಿದಂಥ ಜಾಗಗಳಿವೆ. ಸಬ್‌ಫ್ರೇಮ್ ಬೋಲ್ಟ್ ಆಗುವ ತೂತುಗಳು ಒಂದು. ಸೀಟ್ ಬೆಲ್ಟ್ ಬೋಲ್ಟ್ ಆಗುವ ಜಾಗಗಳು ಇನ್ನೊಂದು. ಇವಕ್ಕೆ ಹೆಚ್ಚಿನ ಕಾರುಗಳಲ್ಲಿ 7/16 ಇಂಚಿನ, ಇಂಚಿಗೆ 20 ಥ್ರೆಡ್‌ನ ಯುಎನ್‌ಎಫ್ (ಇಂಚಿನ ಲೆಕ್ಕದ ನವಿರು ಥ್ರೆಡ್ಡಿನ) ಬೋಲ್ಟೇ ಬರುವುದು. ಅದೇ ಅಳತೆಯ, ತಲೆಯಲ್ಲಿ ಬಳೆ ಇರುವ ಐ ಬೋಲ್ಟ್ ತಂದು ತಿರುಗಿಸಿದರೆ ಗಟ್ಟಿಯಾದ ಬಳೆ ಸಿಗುತ್ತದೆ. ಅಪಘಾತದಲ್ಲಿ ಒಬ್ಬ ಮನುಷ್ಯನನ್ನು ಸೀಟಿನಲ್ಲಿ ಹಿಡಿದಿಡಲು ಮಾಡಿದ ಜಾಗ ಅದು, ತುಕ್ಕು ತಿಂದಿರದಿದ್ದರೆ ಇಡೀ ಶೆಲ್ಲನ್ನು ಹಿಡಿಯಲು ಅದಕ್ಕೆ ಏನೂ ಕಷ್ಟವಿಲ್ಲ. ನಾವು ನೆಲದ ಹತ್ತಿರದ ನಾಲ್ಕು ಜಾಗದಿಂದ ನಾಲ್ಕು ಬೆಲ್ಟನ್ನು ಪಿಕಪ್ಪಿನ ನಾಲ್ಕು ಮೂಲೆಗೆ ಎಳೆದೆವು. ಬೆಲ್ಟ್ ತಗಡಿನ ಅಂಚಿಗೆ ತಾಕುವ ಕಡೆ ದಪ್ಪ ರಬ್ಬರ್ ಪೈಪನ್ನು ಸೀಳಿ ಸಿಕ್ಕಿಸಿದೆವು. ಕೈ ಕುಯ್ಯುವ ಅಂಚು ಬೆಲ್ಟನ್ನು ಬಿಡುತ್ತದಾ? ಬೆಲ್ಟಿನ ಓರೆಯೂ ಮುಖ್ಯ. ನೆಲದಿಂದ 60 ಡಿಗ್ರಿ ಓರೆಯಲ್ಲಿದ್ದರೆ ಬಿಗಿತದ 87 ಶೇಕಡಾ ಕೆಳಕ್ಕೆ ಒತ್ತುತ್ತದೆ, 30 ಡಿಗ್ರಿಯಾದರೆ ಬರೀ ಅರ್ಧ. ಬೆಲ್ಟ್ ಮಲಗಿದಷ್ಟೂ ಹಿಂದಕ್ಕೂ ಮುಂದಕ್ಕೂ ಎಳೆಯುವ ಕೆಲಸ ಹೆಚ್ಚು ಮಾಡುತ್ತದೆ. ಬೆಲ್ಟನ್ನು ಒಂದು ಅರ್ಧ ಸುತ್ತು ತಿರುಚಿ ಹಾಕಿದರೆ ಗಾಳಿಗೆ ಪಟಪಟ ಅನ್ನುವುದು, ಗುಂಯ್‌ಗುಡುವುದು ನಿಲ್ಲುತ್ತದೆ. ಸದ್ದಿನ ಕಾಟಕ್ಕಿಂತ ಜಾಸ್ತಿ, ಹಾಗೆ ನಡುಗುವ ಬೆಲ್ಟ್ ತಾನಾಗಿಯೇ ಸಡಿಲವಾಗುತ್ತದೆ ಅನ್ನುವುದು ನನಗೆ ಮುಖ್ಯ.

ನಾಲ್ಕು ಮೂಲೆ ಅಂದೆನಲ್ಲ, ಅದರಲ್ಲೂ ಒಂದು ಸೂಕ್ಷ್ಮ ಇದೆ. ಪಿಕಪ್ಪನ್ನು ಪಕ್ಕದಿಂದ ನೋಡಿ. ಕ್ಯಾಬಿನ್ನಿಗೂ ಹಿಂಬದಿಗೂ ನಡುವೆ ಒಂದು ಸಂದು ಇರುತ್ತದೆ. ಅದು ಸುಮ್ನೆ ಬಿಟ್ಟದ್ದಲ್ಲ. ಕೆಳಗಿನ ಏಣಿಯಂಥ ಚಾಸಿ ಗುಂಡಿ ಬಿದ್ದ ರಸ್ತೆಯಲ್ಲಿ ತಿರುಚಿಕೊಳ್ಳುತ್ತದೆ, ಮುಂದಿನ ಎಡ ಚಕ್ರ ಮೇಲೆದ್ದಾಗ ಹಿಂದಿನ ಎಡ ಚಕ್ರ ಕೆಳಗಿರುತ್ತದೆ, ಕ್ಯಾಬಿನ್ನೂ ಹಿಂಬದಿಯೂ ಬೇರೆಬೇರೆ ಕಡೆ ವಾಲುತ್ತವೆ, ಆಗ ಎರಡೂ ಒಂದಕ್ಕೊಂದು ಬಡಿಯಬಾರದು ಅಂತ ಆ ಸಂದು. ಅಂದರೆ ಪಿಕಪ್ ಬಳುಕುವ ಗಾಡಿ. ಅದರ ಮೇಲೆ ನಾವು ಕೂರಿಸುತ್ತಿರುವ ಶೆಲ್ ಬಳುಕಬಾರದ ವಸ್ತು. ಬಳುಕುವುದರ ನಾಲ್ಕು ಮೂಲೆಗೆ ಬಳುಕಬಾರದ್ದನ್ನು ಬಿಗಿಯಾಗಿ ಕಟ್ಟಿದರೆ, ಗಾಡಿ ತಿರುಚಿದಷ್ಟೂ ಶೆಲ್ಲನ್ನು ತಿರುಚುತ್ತದೆ. ಸಿಲ್ ಗಟ್ಟಿಯಾಗಿದ್ದರೆ ಶೆಲ್ ಗೆಲ್ಲುತ್ತದೆ. ಸಿಲ್ ತೂತಾಗಿದ್ದರೆ ಗೆಲ್ಲುವುದಿಲ್ಲ.

ಇದಕ್ಕೆ ದಾರಿ, ಭಾರವನ್ನು ಮೂರು ಕಡೆ ಕೂರಿಸುವುದು. ಒಂದು ತುದಿಯಲ್ಲಿ ಅಗಲವಾದ ಅಡ್ಡ ದಿಮ್ಮಿ, ಎರಡೂ ಬದಿ ತಾಕುವ ಹಾಗೆ. ಇನ್ನೊಂದು ತುದಿಯ ಅಡ್ಡ ದಿಮ್ಮಿಗೆ ಕೆಳಗೆ ಸರಿಯಾಗಿ ನಡುವಿನಲ್ಲಿ ಮಾತ್ರ ಆಸರೆ. ಮೂರು ಕಾಲಿನ ಸ್ಟೂಲು ಯಾವ ನೆಲದ ಮೇಲೂ ಕುಂಟುವುದಿಲ್ಲವಲ್ಲ, ಹಾಗೆ. ಪಿಕಪ್ ತಿರುಚಿಕೊಂಡರೂ ಆ ನಡುವಿನ ಆಸರೆಯ ಮೇಲೆ ಶೆಲ್ ತನ್ನಷ್ಟಕ್ಕೆ ನೇರವಾಗಿ ಉಳಿಯುತ್ತದೆ. ಆ ತುದಿಯ ಎರಡು ಬೆಲ್ಟನ್ನು ಮಿತಿಮೀರಿ ಬಿಗಿಯದೆ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಅಂತ ಸರಿಸಮ ಮಾಡಬೇಕು. ನಾನು ಓದಿದ ಎಷ್ಟೋ ಸಲಹೆಗಳಲ್ಲಿ "ಚೆನ್ನಾಗಿ ಬಿಗಿಯಿರಿ" ಅನ್ನುವುದಷ್ಟೇ ಇರುತ್ತದೆ. ಎಷ್ಟು ಬಿಗಿಯಬಾರದು ಅನ್ನುವುದನ್ನು ಯಾರಾದರೂ ಹೇಳಬೇಕು, ಅದಕ್ಕೇ ಇಷ್ಟು ಉದ್ದ ಬರೆದೆ.

ಈಗ ಗಾಳಿ. ತೂಕ ಕಡಿಮೆ, ಮೈ ದೊಡ್ಡದು, ಇಂಥ ಲೋಡಿಗೆ ನಿಜವಾದ ಶತ್ರು ಗಾಳಿಯೇ. ಒಂದು ಚದರ ಮೀಟರ್ ಜಾಗಕ್ಕೆ ಎದುರಿನಿಂದ ಬಡಿಯುವ ಗಾಳಿಯ ಒತ್ತಡ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸುಮಾರು 12 ಕೆಜಿ. 80ರಲ್ಲಿ 30 ಕೆಜಿ. 100ರಲ್ಲಿ 47 ಕೆಜಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಾಜಿಲ್ಲದ ಮುಂದಿನ ಕಿಂಡಿಯಿಂದ ನುಗ್ಗಿದ ಗಾಳಿ ಹಿಂದಿನ ಕಿಂಡಿಯಿಂದ ಹೊರಗೆ ಹೋಗುವ ಹಾಗಿರಬೇಕು. ಹಿಂದಿನ ಗಾಜು ಹಾಗೇ ಇದ್ದು ಮುಂದಿನದು ಮಾತ್ರ ಬಿಚ್ಚಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ರೂಫನ್ನು ಒಳಗಿನಿಂದ ಎತ್ತುತ್ತದೆ, ಹೊರಗೆ ರೂಫಿನ ಮೇಲೆ ಹರಿಯುವ ಗಾಳಿಯೂ ಎತ್ತುವ ಕಡೆಗೇ ಎಳೆಯುತ್ತದೆ. ಟಾರ್ಪಾಲಿನ್ ಹೊದಿಸುವುದು ನನ್ನ ಮಟ್ಟಿಗೆ ಬೇಡವೇ ಬೇಡ. ಗಾಳಿ ತುಂಬಿ ಉಬ್ಬುತ್ತದೆ, ಪಟಪಟ ಬಡಿದು ಬಣ್ಣ ಉಜ್ಜುತ್ತದೆ, ಹರಿದರೆ ಹಿಂದೆ ಬರುವವರ ಗಾಜಿನ ಮೇಲೆ ಹೋಗಿ ಬೀಳುತ್ತದೆ. ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲುಗಳನ್ನು ಬಿಚ್ಚಿ ಹಳೆ ಕಂಬಳಿ ಸುತ್ತಿ ಬೇರೆಯಾಗಿ ಒಯ್ಯಿರಿ. ಹಳೆ ಲಾಕಿನ ಮೇಲೆ ನಂಬಿಕೆ ಇಟ್ಟು ಬಾನೆಟ್ ಜೊತೆಗೇ ಹೋಗಬೇಡಿ.

ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ. ಹಳೆ ಶೆಲ್ಲಿನ ಒಳಗೆ ಏನೇನೋ ಇರುತ್ತದೆ. ಉದುರಿದ ತುಕ್ಕಿನ ಪದರ, ಹಳೆ ಸ್ಕ್ರೂ, ಗ್ರೈಂಡಿಂಗಿನ ಪುಡಿ, ಪೊಳ್ಳು ಜಾಗದಲ್ಲಿ ಬಿದ್ದ ನಟ್ಟು. ಗಾಡಿ ಕುಲುಕಿದಾಗ ಇವೆಲ್ಲ ಹೊರಗೆ ಬಂದು ಹಿಂದೆ ಬೈಕಿನಲ್ಲಿ ಬರುವವರ ಮುಖಕ್ಕೆ ಹಾರುತ್ತವೆ. ಹೊರಡುವ ಮುಂಚೆ ವ್ಯಾಕ್ಯೂಮ್ ಹಾಕಿ, ಸಿಲ್ಲಿನ ಮೇಲೆ ಕೈಯಿಂದ ತಟ್ಟಿ, ಬೀಳುವುದೆಲ್ಲ ಗ್ಯಾರೇಜಿನಲ್ಲೇ ಬೀಳಲಿ ಅಂತ ನೋಡಿಕೊಳ್ಳಬೇಕು. ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ. ಎಷ್ಟು ಚಾಚಬಹುದು ಅನ್ನುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ನಿಮ್ಮ ಕಡೆಯದ್ದು ನೋಡಿಕೊಳ್ಳಿ. ಪಿಕಪ್ಪಿನ ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಿಹೋಗಬಾರದು.

ಕಾಗದಪತ್ರ ಜೊತೆಗಿರಲಿ. ಬಿಚ್ಚಿದ ಕಾರು ಯಾರ ಕಣ್ಣಿಗಾದರೂ ಕದ್ದ ಮಾಲಿನಂತೆ ಕಾಣಬಹುದು, ಪೊಲೀಸರು ನಿಲ್ಲಿಸಿ ಕೇಳುವುದು ಅವರ ಕೆಲಸ. ಶೆಲ್ಲಿನ ಮೇಲಿರುವ ಚಾಸಿ ನಂಬರನ್ನು ಮೊದಲೇ ಉಜ್ಜಿ ಓದುವ ಹಾಗೆ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. 1980ರ ದಶಕದ ಶುರುವಿನಿಂದ ಬಂದ ಕಾರುಗಳಲ್ಲಿ ಸಾಮಾನ್ಯವಾಗಿ ಅದು 17 ಅಕ್ಷರ-ಅಂಕಿಗಳ ನಂಬರು. ಅದಕ್ಕಿಂತ ಹಳೆಯದಾದರೆ ಕಂಪನಿಗೊಂದು ಪದ್ಧತಿ.

ಹೊರಟ ಸ್ವಲ್ಪ ದೂರಕ್ಕೇ ನಿಲ್ಲಿಸಿ ಬೆಲ್ಟ್ ನೋಡಬೇಕು. ಪಾಲಿಯೆಸ್ಟರ್ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ, ರಬ್ಬರ್ ಮ್ಯಾಟ್ ಅದುಮಿಕೊಳ್ಳುತ್ತದೆ, ಮರದ ಮೇಲೆ ಶೆಲ್ ಇನ್ನಷ್ಟು ಕೂರುತ್ತದೆ. ಹಾಗೆ ನಿಲ್ಲಿಸಿದ ಕಡೆ ವಯಸ್ಸಾದವರೊಬ್ಬರು ಹತ್ತಿರ ಬಂದು "ಗುಜರಿಗಾ?" ಅಂತ ಕೇಳಿದರು. "ಅಲ್ಲ ಸರ್, ರಿಪೇರಿಗೆ" ಅಂದೆ. ಅವರು ಶೆಲ್ಲಿನೊಳಗೆ ಬಗ್ಗಿ ನೋಡಿ "ಇದರಲ್ಲಿ ರಿಪೇರಿ ಮಾಡೋಕೆ ಏನಿದೆಯಪ್ಪ, ಏನೂ ಇಲ್ಲವಲ್ಲ" ಅಂದರು.

ಅವರು ಬೇಸರದಿಂದ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಆ ಕಾರಿನ ಇಂಜಿನ್ ಮೊದಲಿನದಲ್ಲ. ಸೀಟು, ಗಾಜು, ಸ್ಟೀರಿಂಗ್ ಯಾವುದೂ ಮೊದಲಿನದಲ್ಲ. ಬಂದು ಹೋದ ಮಾಲೀಕರು ಒಬ್ಬೊಬ್ಬರೂ ಒಂದೊಂದು ಬದಲಾಯಿಸಿದ್ದಾರೆ. ಫ್ಯಾಕ್ಟರಿಯಿಂದ ಹೊರಬಂದ ದಿನದಿಂದ ಇವತ್ತಿನವರೆಗೆ ಅದರಲ್ಲಿ ಬದಲಾಗದೆ ಉಳಿದಿರುವುದು ಈ ತಗಡು ಮಾತ್ರ. ಕಾನೂನಿನ ಕಣ್ಣಿಗೂ ಕಾರು ಅಂದರೆ ನಂಬರ್ ಇರುವ ಈ ಶೆಲ್ಲೇ. ಅವರಿಗೆ ಏನೂ ಇಲ್ಲದಂತೆ ಕಂಡದ್ದು ನನಗೆ ಇಡೀ ಕಾರು. ಇದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ಗ್ಯಾರೇಜಿನಲ್ಲಿ ಡಬ್ಬಿಗಳಲ್ಲಿ ತುಂಬಿದೆ, ಆದರೆ ಆ ಡಬ್ಬಿಗಳನ್ನು ನೋಡಿ ಯಾರೂ ಅದನ್ನು ಕಾರು ಅನ್ನುವುದಿಲ್ಲ.

ಓಡಿಸುವಾಗ ನಾವು ವೇಗವನ್ನು 60 ದಾಟಿಸಲಿಲ್ಲ. ದೊಡ್ಡ ಬಸ್ಸು, ಲಾರಿ ಪಕ್ಕದಿಂದ ಹಾದಾಗ ಮೊದಲು ಶೆಲ್ ಆ ಕಡೆ ತಳ್ಳಿದಂತಾಗಿ, ಆಮೇಲೆ ಈ ಕಡೆ ಎಳೆದಂತಾಗುತ್ತದೆ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದರೆ ಸಾಕು. ಸದ್ದು ಮಾತ್ರ ಜೋರು. ಸದ್ದು ಹೀರುವ ಹಾಸೆಲ್ಲ ಕಿತ್ತಿದ್ದರಿಂದ ಒಂದೊಂದು ತಗಡೂ ಬೇರೆಬೇರೆ ಗುಂಯ್‌ಗುಡುತ್ತದೆ. ಸ್ವಲ್ಪ ಹೊತ್ತಿಗೆ ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಹೊಸ ಸದ್ದು ಬಂದರೆ ಅದನ್ನು ಕಡೆಗಣಿಸಬಾರದು, ಪಕ್ಕಕ್ಕೆ ಹಾಕಿ ಇಳಿದು ನೋಡಬೇಕು.

ವಾಪಸ್ ಬರುವ ಪ್ರಯಾಣ ಹೋಗುವುದಕ್ಕಿಂತ ನಾಜೂಕಿನದು. ಬ್ಲಾಸ್ಟಿಂಗ್ ಆದ ತಗಡು ಬೆತ್ತಲೆ ತಗಡು. ಗಾಳಿಯಲ್ಲಿ ತೇವ ಇದ್ದರೆ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ತುಕ್ಕು ಮೂಡುತ್ತದೆ, ಬೆವರಿದ ಕೈಯ ಗುರುತೂ ಮೂಡುತ್ತದೆ. ಹಾಗಾಗಿ ಅಲ್ಲೇ ಎಪಾಕ್ಸಿ ಪ್ರೈಮರ್ ಹೊಡೆಸಿ, ಒಣಗಿದ ಮೇಲೆ ತರುವುದು ಒಳ್ಳೆಯದು. ಎಪಾಕ್ಸಿ ತೇವವನ್ನು ತಡೆಯುತ್ತದೆ. ತುಂಬುವ ಬಗೆಯ ಸಾಮಾನ್ಯ ಪ್ರೈಮರ್ ತೇವವನ್ನು ಹೀರಿಕೊಳ್ಳುತ್ತದೆ, ಅದನ್ನು ಹೊಡೆಸಿ ಮಳೆಯಲ್ಲಿ ತಂದರೆ ಪ್ರಯೋಜನವಿಲ್ಲ. ರಾಸಾಯನಿಕದಲ್ಲಿ ಮುಳುಗಿಸಿ ತೆಗೆಯುವ ದಾರಿಯೂ ಇದೆ. ಅದು ಸಿಲ್ಲಿನ ಪೊಳ್ಳಿನೊಳಗಿನ ತುಕ್ಕನ್ನೂ ತೆಗೆಯುತ್ತದೆ, ಆದರೆ ಆಮೇಲೆ ಆ ಪೊಳ್ಳಿನೊಳಗೂ ಬಣ್ಣ ಹೋಗಬೇಕು, ಅದಕ್ಕೆ ವಿದ್ಯುತ್ ಹಾಯಿಸಿ ಬಣ್ಣ ಅಂಟಿಸುವ ಇ-ಕೋಟ್ ತೊಟ್ಟಿಯೇ ಬೇಕು. 1960ರ ದಶಕದಿಂದ ಕಾರ್ ಫ್ಯಾಕ್ಟರಿಗಳಲ್ಲಿ ಇರುವ ಪದ್ಧತಿ ಅದು. ನಾವು ಬ್ಲಾಸ್ಟಿಂಗ್ ಆರಿಸಿದೆವು. ರೂಫಿಗೆ ಮಾತ್ರ ಮರಳು ತಾಗಿಸಬೇಡಿ ಅಂತ ಕೇಳಿಕೊಂಡೆವು, ಯಾಕೆಂದರೆ ಅಷ್ಟಗಲದ ತೆಳು ತಗಡು ಮರಳಿನ ಹೊಡೆತಕ್ಕೆ ಅಲೆ ಅಲೆಯಾಗಿ ಉಬ್ಬುತ್ತದೆ. ರೂಫನ್ನು ಕೈಯಲ್ಲೇ ಉಜ್ಜುತ್ತೇವೆ.

ಬಣ್ಣ, ತುಕ್ಕು, ಹಳೆ ಪುಟ್ಟಿ ಎಲ್ಲ ಹೋಗಿದ್ದರಿಂದ ಬರುವಾಗ ಶೆಲ್ ಇನ್ನೂ ಹಗುರಾಗಿತ್ತು, ಎಡ ಸಿಲ್ಲಿನಲ್ಲಿ ಈಗ ಬೆರಳಲ್ಲ, ಕೈಯೇ ಹೋಗುವ ಹಾಗಿತ್ತು. ಅದೇ ದಿಮ್ಮಿ, ಅದೇ ನಾಲ್ಕು ಬಳೆ, ಬೆಲ್ಟ್ ಮಾತ್ರ ಮೊದಲಿಗಿಂತ ಒಂದು ಹಲ್ಲು ಕಡಿಮೆ ಬಿಗಿ. ಗ್ಯಾರೇಜಿಗೆ ತಂದು ಇಳಿಸಿದ ಮೇಲೆ ಕೈ ತೊಳೆಯುವ ಮುಂಚೆ ಟೇಪ್ ತೆಗೆದು ಎರಡೂ ಬಾಗಿಲ ಜಾಗ ಅಳೆದೆವು. ಶೆಲ್ಲಿನ ಮೇಲೆ ಬರೆದದ್ದು ಬ್ಲಾಸ್ಟಿಂಗಿನಲ್ಲಿ ಅಳಿಸಿಹೋಗಿತ್ತು, ಫೋನಿನ ಫೋಟೋದಲ್ಲಿತ್ತು. ನಾಲ್ಕೂ ಅಳತೆ ಸರಿಯಾಗಿ ಹೊಂದಿತು. ಪೈಪುಗಳನ್ನು ಇನ್ನೂ ಬಿಚ್ಚಿಲ್ಲ. ಎಡ ಸಿಲ್ ಕತ್ತರಿಸಿ ಹೊಸದು ಕೂರಿಸುವವರೆಗೆ ಅವು ಅಲ್ಲೇ ಇರುತ್ತವೆ, ಆ ಕೆಲಸ ಈ ವಾರ ಶುರು.